ತಂತಿಯ ಮೇಲಿನ ಕಾಗೆಯೂ ಕೈಯಲ್ಲಿರುವ ದೋಟಿಯೂ

ಬನ್ನಂಜೆಯ ರಸ್ತೆಬದಿಯ ವಿದ್ಯುತ್ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಿಗೆ ಏನೂ ಆಗುವುದಿಲ್ಲ. ಅದೇ ತಂತಿಗೆ ನೆಲದ ಮೇಲೆ ನಿಂತವರ ಕೈಯ ದೋಟಿ ತಗಲಿದರೆ ಪ್ರಾಣಕ್ಕೇ ಅಪಾಯ. ಇದೇಕೆ ಹೀಗೆ?

ಗದ್ದೆಯಿಂದ ಗದ್ದೆಗೆ ನೀರು ಹರಿಯಲು ಎತ್ತರ-ತಗ್ಗು ಬೇಕು. ವಿದ್ಯುತ್ತು ಹರಿಯಲು ವೋಲ್ಟೇಜಿನ ಅಂತರ ಬೇಕು. ಕಾಗೆಯ ಎರಡು ಕಾಲುಗಳೂ ಒಂದೇ ತಂತಿಯ ಮೇಲಿರುವುದರಿಂದ ಅಂತರ ಇಲ್ಲವೆನ್ನುವಷ್ಟು ಕಡಿಮೆ. ರೆಕ್ಕೆ ಚಾಚಿದ ಬಾವಲಿ ಎರಡು ತಂತಿಗಳನ್ನು ಒಮ್ಮೆಗೇ ಮುಟ್ಟಿದರೆ ಸಾಯುತ್ತದೆ. ನಾವಾದರೋ ನೆಲ ಮೆಟ್ಟಿ ನಿಂತವರು. ಟೆಸ್ಟರಿನ ತಲೆಗೆ ಬೆರಳಿಟ್ಟಾಗ ಅದರ ಪುಟ್ಟ ದೀಪ ಬೆಳಗುವುದೂ ನಮ್ಮ ಮೈಯ ಮೂಲಕ ವಿದ್ಯುತ್ತು ಭೂಮಿಗೆ ಇಳಿಯುವುದರಿಂದಲೇ. ಅದರೊಳಗಿನ ರೋಧಕವು ಪ್ರವಾಹವನ್ನು 1 ಮಿಲಿಆಂಪಿಯರ್‌ಗಿಂತ ಕಡಿಮೆ ಮಾಡುವುದರಿಂದ ನಮಗೆ ತಿಳಿಯುವುದಿಲ್ಲ. ದೋಟಿಯಲ್ಲಿ ಅಂಥ ರೋಧಕವಿಲ್ಲ.

ಅಡಿಕೆ ಕೊಯ್ಲಿಗೂ ಔಷಧಿ ಸಿಂಪಡಣೆಗೂ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಇದು ದೊಡ್ಡ ಉಪಕಾರವೇ ಸರಿ. ಹಗುರವಾಗಿದ್ದು ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಇದರಲ್ಲಿ ಶಾಕ್ ಹೊಡೆಯದೆಂದು ಭಾವಿಸುವವರಿದ್ದಾರೆ. ಅದು ತಪ್ಪು. ಕಾರ್ಬನ್ ವಿದ್ಯುದ್ವಾಹಕ. ಹಳೆಯ ಮಾದರಿಯ ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿ ಕಾರ್ಬನ್ನೇ. ಎರಡು ಟಾರ್ಚ್ ಸೆಲ್ಲುಗಳಿಗೆ ಕೆಂಪು ಎಲ್‌ಇಡಿ ದೀಪವೊಂದನ್ನು ಜೋಡಿಸಿ, ನಡುವೆ ಎರಡೂ ತುದಿ ಕೆತ್ತಿದ ಪೆನ್ಸಿಲನ್ನು ಸೇರಿಸಿದರೆ, ಅದರ ಕಡ್ಡಿಯ ಮೂಲಕವೂ ದೀಪ ಬೆಳಗುವುದನ್ನು ಮಕ್ಕಳಿಗೆ ತೋರಿಸಬಹುದು. ಆದರೆ ಈ ಪ್ರಯೋಗ ಸೆಲ್ಲಿನಲ್ಲಿ ಮಾತ್ರ. ಮನೆಯ ಪ್ಲಗ್ಗಿನಲ್ಲಿ ಎಂದಿಗೂ ಕೂಡದು.

ಮನೆಯ ವಿದ್ಯುತ್ತು 230 ವೋಲ್ಟ್. ತೋಟಗಳ ಮೇಲೆ ಹಾದುಹೋಗುವ ತಂತಿಗಳಲ್ಲಿ ಹಲವು 11,000 ವೋಲ್ಟಿನವು. ಇಲ್ಲಿ ರಬ್ಬರ್ ಚಪ್ಪಲಿಯನ್ನಾಗಲಿ ದೋಟಿಯ ಮೇಲಿನ ಬಣ್ಣವನ್ನಾಗಲಿ ನಂಬುವಂತಿಲ್ಲ. ತೀರಾ ಹತ್ತಿರ ಹೋದರೆ, ತಂತಿಗೆ ತಾಗುವ ಮೊದಲೇ ವಿದ್ಯುತ್ತು ಹಾರಿ ಬರಬಹುದು. ಕಾಫಿ ತೋಟದಲ್ಲಿ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಗೂ, ಹಸಿ ಬಿದಿರಿಗೂ ಇದೇ ಮಾತು.

ಆದ್ದರಿಂದ ಬೆಳೆಗಾರ ಬಂಧುಗಳು ಕೊಯ್ಲಿಗೆ ಮೊದಲು ತಲೆಯೆತ್ತಿ ತಂತಿ ಎಲ್ಲಿದೆಯೆಂದು ನೋಡಬೇಕು. ದೋಟಿ ಕೈತಪ್ಪಿ ಬಿದ್ದರೂ ತಂತಿಯ ಸಮೀಪಕ್ಕೆ ಹೋಗದಷ್ಟು ದೂರವಿರಬೇಕು. ತಂತಿಯ ಪಕ್ಕದ ಮರಗಳಾದರೆ ಮೆಸ್ಕಾಂ ಶಾಖಾ ಕಚೇರಿಗೆ ತಿಳಿಸಿ, ಲೈನ್ ಆಫ್ ಆದುದನ್ನು ಖಚಿತಪಡಿಸಿಕೊಂಡೇ ಕೆಲಸಕ್ಕೆ ಇಳಿಯಬೇಕು. ಏಣಿಯನ್ನು ನೆಟ್ಟಗೆ ಹಿಡಿದು ಸಾಗಿಸಬಾರದು, ಮಲಗಿಸಿಯೇ ಒಯ್ಯಬೇಕು. ಯಾರಿಗಾದರೂ ಶಾಕ್ ತಗಲಿದಾಗ ಓಡಿಹೋಗಿ ಅವರನ್ನು ಹಿಡಿಯಬಾರದು. ಮೊದಲು 1912ಕ್ಕೆ ಫೋನ್ ಮಾಡಿ ಲೈನ್ ನಿಲ್ಲಿಸಬೇಕು. ಕೂಲಿಗೆ ಬರುವವರಿಗೂ ಇಷ್ಟನ್ನು ತಿಳಿಸಿ ಹೇಳುವುದು ತೋಟದ ಯಜಮಾನರ ಹೊಣೆ.