ಗಂಟಲು ಸವೆದ ರೈಫಲ್: ಮರಳಿ ಕೊರೆಯುವುದೋ, ಬ್ಯಾರೆಲ್ ಬದಲಿಸುವುದೋ?

ಗುಂಡು ಉಜ್ಜಿ ಉಜ್ಜಿ ರೈಫಲ್‌ನ ಬ್ಯಾರೆಲ್ ಸವೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಉಜ್ಜಾಟದ ಪಾಲೂ ಇದೆ, ಆದರೆ ಬ್ಯಾರೆಲನ್ನು ತಿಂದುಹಾಕುವುದು ಮುಖ್ಯವಾಗಿ ಬೆಂಕಿ. ಕುದುರೆ ಎಳೆದ ಮೇಲೆ ಗುಂಡು ಬ್ಯಾರೆಲ್‌ ಒಳಗಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತು. ಅಷ್ಟರಲ್ಲೇ ಮದ್ದು ಉರಿದು ಹುಟ್ಟುವ ಅನಿಲದ ಬಿಸಿ 2,500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನಾಲ್ಕು ಸಾವಿರ ಪಟ್ಟು ಮುಟ್ಟಬಹುದು. ಉಕ್ಕು ಕರಗಲು 1,500 ಡಿಗ್ರಿ ಸಾಕು. ಬಿಸಿ ತಾಗುವ ಹೊತ್ತು ತೀರಾ ಕಡಿಮೆಯಾದ್ದರಿಂದ ಬ್ಯಾರೆಲ್ ಉಳಿಯುತ್ತದೆ. ಒಳಮೈಯ ತೆಳುವಾದ ಪದರ ಮಾತ್ರ ಪ್ರತಿ ಸಲವೂ ಬೇಯುತ್ತದೆ.

ಹೆಚ್ಚು ಬೇಯುವ ಜಾಗವೂ ಒಂದೇ. ತೋಟಾ ಕೂರುವ ಚೇಂಬರ್ ಮುಗಿದು, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಶುರುವಾಗುವ ಒಂದೆರಡು ಅಂಗುಲವನ್ನು ಬಂದೂಕು ಕುಶಲಕರ್ಮಿಗಳು ಗಂಟಲು ಎನ್ನುತ್ತಾರೆ. ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ, ಸಾವಿರಾರು ಗುಂಡು ಹಾರಿಸಿದ ರೈಫಲ್‌ನ ಗಂಟಲು ಬತ್ತಿದ ಕೆರೆಯಂಗಳದ ಮಣ್ಣಿನಂತೆ ಬಾಯಿಬಿಟ್ಟಿರುತ್ತದೆ. ಉಕ್ಕು ಕಾದು ಹಿಗ್ಗಿ, ತಟ್ಟನೆ ತಣಿದು ಕುಗ್ಗಿ, ಮೇಲ್ಪದರ ಗಡುಸಾಗಿ ಬಿರುಕು ಬಿಡುತ್ತದೆ. ಮದ್ದಿನ ಅನಿಲದಲ್ಲಿರುವ ಇಂಗಾಲ ಮತ್ತು ಸಾರಜನಕ ಆ ಪದರಕ್ಕೆ ಸೇರಿ ಅದನ್ನು ಇನ್ನಷ್ಟು ಪೆಡಸು ಮಾಡುತ್ತವೆ. ಮುಂದಿನ ಗುಂಡು ಹೊರಟಾಗ ಬಿರುಕಿನ ಅಂಚುಗಳು ಚೂರುಚೂರಾಗಿ ಹಾರಿಹೋಗುತ್ತವೆ.

ಈ ಪಾಠವನ್ನು ಬ್ರಿಟಿಷ್ ಸೇನೆ ದುಬಾರಿ ಬೆಲೆ ತೆತ್ತು ಕಲಿಯಿತು. 1888ರ ಲೀ–ಮೆಟ್‌ಫರ್ಡ್ ರೈಫಲ್‌ನ ಗೀರುಗಳು ಆಳವಿಲ್ಲದ, ಅಂಚು ದುಂಡಗಿನ ಗೀರುಗಳು. ಕರಿಮದ್ದಿನ ಮಸಿ ಅಂಟಬಾರದೆಂದು ಹಾಗೆ ಮಾಡಿದ್ದರು. ಮರುವರ್ಷವೇ ಕಾರ್ಡೈಟ್ ಎಂಬ ಹೊಸ ಮದ್ದು ಬಂತು. ಅದರಲ್ಲಿ ಶೇಕಡಾ 58 ನೈಟ್ರೋಗ್ಲಿಸರಿನ್. ಮಸಿಯಂತೂ ಇಲ್ಲವಾಯಿತು, ಆದರೆ ಅದರ ಉರಿಗೆ ಆ ದುಂಡಗಿನ ಗೀರುಗಳು ಬೇಗನೆ ಅಳಿಸಿಹೋದವು. 1895ರಲ್ಲಿ ಚೌಕಾಕಾರದ ಆಳ ಗೀರುಗಳ ಎನ್‌ಫೀಲ್ಡ್ ಬ್ಯಾರೆಲ್ ತರಬೇಕಾಯಿತು. ನಮ್ಮ ಪೊಲೀಸರ ಕೈಯಲ್ಲಿ ದಶಕಗಟ್ಟಲೆ ಇದ್ದ 'ತ್ರೀ ನಾಟ್ ತ್ರೀ' ಇದೇ ವಂಶದ್ದು. ಕೊನೆಗೆ ಮದ್ದನ್ನೂ ತಿದ್ದಿದರು. ನೈಟ್ರೋಗ್ಲಿಸರಿನ್ ಪಾಲನ್ನು ಶೇಕಡಾ 30ಕ್ಕೆ ಇಳಿಸಿದ್ದರಿಂದ ಜ್ವಾಲೆ ತಂಪಾಯಿತು, ಬ್ಯಾರೆಲ್‌ಗಳ ಆಯುಷ್ಯ ಬೆಳೆಯಿತು. ಮೈಸೂರು ಗಡಿಯಾಚೆ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ತಲೆಯೆತ್ತಿದ್ದೂ ಆ ಕಾಲದಲ್ಲೇ.

ಎಷ್ಟು ಮದ್ದು ಎಷ್ಟು ಕಿರಿದಾದ ತೂತಿನಲ್ಲಿ ಹಾಯಬೇಕು ಎಂಬುದು ಸವೆತದ ವೇಗವನ್ನು ತೀರ್ಮಾನಿಸುತ್ತದೆ. .308 ವಿಂಚೆಸ್ಟರ್ ತೋಟಾದ ಕತ್ತನ್ನೇ ಕಿರಿದು ಮಾಡಿ 1955ರಲ್ಲಿ .243 ವಿಂಚೆಸ್ಟರ್ ತಂದರು. ಮದ್ದಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಅದು ಹಾಯುವ ದಾರಿಯ ವಿಸ್ತೀರ್ಣ ಮಾತ್ರ ಮೂರನೇ ಎರಡು ಪಾಲಿಗಿಂತ ಕಡಿಮೆ. ಹಾಗಾಗಿ .308 ಬ್ಯಾರೆಲ್ ಐದು ಸಾವಿರ ಗುಂಡಿನವರೆಗೂ ಸ್ಪರ್ಧೆಗೆ ತಕ್ಕ ಗುರಿ ಕಾಯ್ದುಕೊಂಡರೆ, .243 ಅದರ ಅರ್ಧ ದಾರಿಯೂ ಸಾಗದೆ ದಣಿಯುವುದುಂಟು. ಕಡಿಮೆ ಒತ್ತಡದ, ಸೀಸದ ಗುಂಡಿನ .22 ರೈಫಲ್‌ಗಳಿಗೆ ಈ ಚಿಂತೆ ಇಲ್ಲವೆಂದೇ ಹೇಳಬಹುದು.

ಗುರಿ ತಪ್ಪಿದ ಕೂಡಲೇ ಬ್ಯಾರೆಲ್ ಸತ್ತಿತೆಂದು ತೀರ್ಪು ಕೊಡುವುದು ಅನ್ಯಾಯ. ಒಳಗೆ ಅಂಟಿದ ತಾಮ್ರ ಮತ್ತು ಮಸಿ, ಸಡಿಲಾದ ದೂರದರ್ಶಕದ ತಿರುಪು, ಶುಚಿಗೊಳಿಸುವ ಸರಳು ತಾಗಿ ಸವೆದ ಬಾಯಂಚು, ಎಲ್ಲವೂ ಅದೇ ಲಕ್ಷಣ ತೋರಿಸುತ್ತವೆ. ಬಾಯಂಚು ಕೆಟ್ಟಿದ್ದರೆ ಅಷ್ಟನ್ನು ಮಾತ್ರ ಲೇತ್‌ನಲ್ಲಿ ಹೊಸದಾಗಿ ಕಡೆದರೆ ಸಾಕು. ಚೆನ್ನಾಗಿ ತೊಳೆದು, ಬೋರ್‌ಸ್ಕೋಪ್ ಇಳಿಸಿ, ಗೀರುಗಳ ಮೊದಲಂಚು ಎಷ್ಟು ಮುಂದೆ ಸರಿದಿದೆ ಎಂದು ಅಳೆದ ಮೇಲೆಯೇ ಮುಂದಿನ ಮಾತು.

ಗಂಟಲೇ ಹೋಗಿದ್ದರೆ ಎರಡು ದಾರಿ. ಮೊದಲನೆಯದು ಮರಳಿ ಕೊರೆಯುವುದು. ಬ್ಯಾರೆಲನ್ನು ಬಿಚ್ಚಿ ಹಿಂಬದಿಯಿಂದ ಸುಮಾರು 25 ಮಿಲಿಮೀಟರ್ ಕತ್ತರಿಸಿ, ತಿರುಪಿನ ಮರೆಗಳನ್ನು ಹೊಸದಾಗಿ ಹಾಕಿ, ರೀಮರ್ ಎಂಬ ಕೊರೆಯುವ ಹತಾರದಿಂದ ಅದೇ ತೋಟಾದ ಚೇಂಬರನ್ನು ಮತ್ತೆ ಕೊರೆಯುತ್ತಾರೆ. ಚೇಂಬರ್ ಬ್ಯಾರೆಲ್ ತೂತಿಗಿಂತ ಅಗಲವಾದ್ದರಿಂದ ಬಿರುಕುಬಿಟ್ಟ ಹಳೆಯ ಗಂಟಲು ಅದರೊಳಗೆ ಕೊರೆದುಹೋಗಿ, ಮುಂದಿನ ಆರೋಗ್ಯವಂತ ಉಕ್ಕಿನಲ್ಲಿ ಹೊಸ ಗಂಟಲು ಮೂಡುತ್ತದೆ. ಉದ್ದನೆಯ ತೋಟಾಕ್ಕೆ ಕೊರೆಯುವ ಉಪಾಯವೂ ಇದೆ. .308 ತೋಟಾದ ಕೊಳವೆ 51 ಮಿಲಿಮೀಟರ್, .30-06ರದ್ದು 63. ಹಾಗಾಗಿ ಗಂಟಲು 12 ಮಿಲಿಮೀಟರ್ ಮುಂದೆ ಹೋಗುತ್ತದೆ. ಆದರೆ ಆ ಉದ್ದದ ತೋಟಾ ಮ್ಯಾಗಜೀನ್‌ನಲ್ಲಿ ಹಿಡಿಯಬೇಕು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಅಷ್ಟು ಹಿಂದೆ ಸರಿಯಬೇಕು. .308ಕ್ಕೆಂದೇ ಮಾಡಿದ, ಬೋಲ್ಟ್ ಓಡಾಡುವ ಗಿಡ್ಡ ಆಕ್ಷನ್‌ನಲ್ಲಿ ಇದು ಆಗದ ಕೆಲಸ.

ಕೇಳಲು ಸುಲಭ, ಮಾಡಲು ಸೂಕ್ಷ್ಮ. ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗವನ್ನು ಎರಡು ಗೇಜ್‌ಗಳಿಂದ ಪರೀಕ್ಷಿಸುತ್ತಾರೆ. ಒಂದರ ಮೇಲೆ ಬೋಲ್ಟ್ ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. .308ಕ್ಕೆ ಇವೆರಡರ ನಡುವಿನ ಅಂತರ ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದು ಮೀರಿದರೆ ಕೊಳವೆ ಸೀಳಿ, ಅನಿಲವು ಗುಂಡು ಹಾರಿಸುವವರ ಮುಖಕ್ಕೆ ಬರಬಹುದು.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಬ್ಯಾರೆಲ್ಲೇ ವಾಸಿ. ಬಿಚ್ಚುವುದು, ಮರೆ ಹಾಕುವುದು, ಕೊರೆಯುವುದು, ಗೇಜ್ ಹಿಡಿಯುವುದು ಎರಡಕ್ಕೂ ಒಂದೇ ದುಡಿಮೆ. ಉಳಿಯುವುದು ಉಕ್ಕಿನ ಬೆಲೆ ಮಾತ್ರ. ಕತ್ತರಿಸಿದ ಬ್ಯಾರೆಲ್ ಗಿಡ್ಡವಾಗುತ್ತದೆ, ಕಟ್ಟಿಗೆಯ ಹಿಡಿಯಲ್ಲಿ ಮೊದಲಿನಂತೆ ಕೂರುವುದಿಲ್ಲ, ಗಂಟಲಾಚೆಗೂ ಸವೆದಿದ್ದರೆ ಮತ್ತೆ ಬೇಗ ಕೈಕೊಡುತ್ತದೆ. ದಪ್ಪನೆಯ, ಒಳ್ಳೆಯ ಗುರಿಯ ಸ್ಪರ್ಧಾ ಬ್ಯಾರೆಲ್ ಆಗಿದ್ದು ಸವೆತ ಗಂಟಲಿಗಷ್ಟೇ ಸೀಮಿತವಾಗಿದ್ದರೆ ಮರಳಿ ಕೊರೆಯುವುದು ಸರಿ.

ಅಜ್ಜನ ಕಾಲದ ಕೋವಿಗೆ ಮಾತ್ರ ಈ ಲೆಕ್ಕ ಬೇಡ. ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದಂದು ಪೂಜೆಗೊಳ್ಳುವಂಥ ಆಯುಧದ ಬ್ಯಾರೆಲ್ ಮೇಲೆ ತಯಾರಕರ ಮುದ್ರೆಗಳಿರುತ್ತವೆ. ಅವನ್ನು ಕತ್ತರಿಸಿ ಎಸೆಯುವುದಕ್ಕಿಂತ ಹಾರಿಸುವುದನ್ನು ನಿಲ್ಲಿಸಿ ಹಾಗೆಯೇ ಕಾಪಾಡುವುದು ಒಳ್ಳೆಯದು. ಇನ್ನು, ಊರಿನ ಲೇತ್ ಅಂಗಡಿಗೆ ಯಾವ ಬಂದೂಕನ್ನೂ ಒಯ್ಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ದುರಸ್ತಿ ವ್ಯವಹಾರಕ್ಕೆ ಪರವಾನಗಿ ಬೇಕು, ಬ್ಯಾರೆಲ್ ಗಿಡ್ಡ ಮಾಡಲೂ ಪರವಾನಗಿ ಬೇಕು. ಪರವಾನಗಿ ಇರುವ ಕುಶಲಕರ್ಮಿಗೇ ತೋರಿಸಿ, ಅಳತೆಗಳನ್ನು ಬರೆಸಿಕೊಂಡು ಆಮೇಲೆ ನಿರ್ಧರಿಸಿ.