ಹರಾಜಿನ ನಾಣ್ಯಗಳ ಸಾಚಾತನ ಮತ್ತು ಬೆಲೆ: ಕೊಡಗಿನ ಕೆಲವು ನಿದರ್ಶನಗಳು

ಹಳೆಯ ನಾಣ್ಯಗಳು ಕೊಡಗಿನ ಮನೆಗಳಿಗೆ ಅಪರಿಚಿತವಾದುವಲ್ಲ. ಐನ್‌ಮನೆಗಳ ಪೆಟ್ಟಿಗೆಗಳಲ್ಲಿ ಕಂಪೆನಿ ಸರ್ಕಾರದ ರೂಪಾಯಿಗಳೂ, ಸ್ತ್ರೀಯರು ಧರಿಸುವ ಪತ್ತಾಕಿನಲ್ಲಿ ವಿಕ್ಟೋರಿಯಾ ರಾಣಿಯ ಮುಖಮುದ್ರೆಯುಳ್ಳ ಸವರನ್ನುಗಳೂ ತಲೆತಲಾಂತರದಿಂದ ಉಳಿದು ಬಂದಿವೆ. ಹೊಸದಾಗಿರುವುದು ಇವುಗಳ ಕ್ರಯವಿಕ್ರಯದ ರೀತಿ ಮಾತ್ರ. ಹಿಂದೆ ಸಂಗ್ರಾಹಕನು ನಾಣ್ಯವನ್ನು ಕೈಯಲ್ಲಿ ಹಿಡಿದು, ತೂಗಿ, ನೋಡಿ ಕೊಳ್ಳುತ್ತಿದ್ದನು; ಇಂದು ಅಂತರಜಾಲದ ಹರಾಜಿನಲ್ಲಿ ಚಿತ್ರವನ್ನು ನೋಡಿ ಕೂಗಬೇಕಾಗಿದೆ. ಇಂತಹ ಹರಾಜಿನಲ್ಲಿ ಅಗ್ಗವೆಂದು ಕಾಣುವುದು ನಿಜವಾಗಿ ಅಗ್ಗವೇ ಎಂಬುದನ್ನು ನಿರ್ಣಯಿಸುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಈ ವಿಷಯಕ್ಕೆ ನಮ್ಮನ್ನು ಎಳೆದುದು ನಮ್ಮದೇ ಒಂದು ಪ್ರಮಾದವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಯುಕ್ತ. ಟಿಪ್ಪು ಸುಲ್ತಾನನ ಹೈದರಿ, ಎಂದರೆ ಎರಡು ರೂಪಾಯಿ ಬೆಲೆಯ ಬೆಳ್ಳಿಯ ನಾಣ್ಯವೊಂದನ್ನು, ಪೇಟೆಯ ಧಾರಣೆಯ ಅರ್ಧಕ್ಕಿಂತ ಕಡಿಮೆ ಬೆಲೆಗೆ ಹರಾಜಿನಲ್ಲಿ ಕೊಂಡೆವು. ಈ ನಾಣ್ಯ ಸುಮಾರು 23 ಗ್ರಾಂ ತೂಗಬೇಕು. ಮಡಿಕೇರಿಯ ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ಅದು 18 ಗ್ರಾಂ ಸಹ ತೂಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಮೈಮೇಲೆ ಸೂಜಿಮೊನೆಯಷ್ಟು ಕುಳಿಗಳೂ, ಅಂಚಿನ ಸುತ್ತ ಅರ ತಿಕ್ಕಿದ ಗೆರೆಯೂ ಗೋಚರವಾದುವು. ಅಚ್ಚಿನಿಂದ ಹೊಡೆದ ನಾಣ್ಯದಲ್ಲಿ ಇಂತಹ ಕುಳಿಗಳಿರುವುದಿಲ್ಲ. ಕರಗಿಸಿದ ಲೋಹವನ್ನು ಎರಕ ಹೊಯ್ದಾಗ ಗಾಳಿಯ ಗುಳ್ಳೆಗಳಿಂದ ಅವು ಉಂಟಾಗುತ್ತವೆ. ಮಾರಿದವನು ಹಣವನ್ನು ಹಿಂದಿರುಗಿಸಲಿಲ್ಲ. ಆ ನಾಣ್ಯವನ್ನು ಈಗ ತರಗತಿಯಲ್ಲಿ ಖೋಟಾ ನಾಣ್ಯದ ನಿದರ್ಶನವಾಗಿ ಬಳಸುತ್ತಿದ್ದೇವೆ.

ಪರೀಕ್ಷೆಯ ಮೊದಲನೆಯ ಮೆಟ್ಟಿಲು ತೂಕ ಮತ್ತು ಅಳತೆ. 1835ರ ನಾಣ್ಯ ಕಾಯಿದೆಯಿಂದ ಕಂಪೆನಿಯ ಆಳ್ವಿಕೆಯ ಪ್ರಾಂತಗಳಿಗೆಲ್ಲ ಏಕರೂಪವಾದ ರೂಪಾಯಿ ಬಂದಿತು. ಅದರ ತೂಕ 180 ಗ್ರೇನ್, ಎಂದರೆ 11.66 ಗ್ರಾಂ; ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಸವೆತದಿಂದ ತೂಕ ಕೊಂಚ ಇಳಿಯಬಹುದೇ ಹೊರತು ಏರಲಾರದು. ಎರಡನೆಯದು ಸಾಂದ್ರತೆ. ನಾಣ್ಯವನ್ನು ಗಾಳಿಯಲ್ಲಿ ಒಮ್ಮೆ, ನೂಲಿನಿಂದ ನೀರಿನಲ್ಲಿ ತೂಗಬಿಟ್ಟು ಇನ್ನೊಮ್ಮೆ ತೂಗಬೇಕು. ಸಾಚಾ ಬೆಳ್ಳಿಯ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಹಗುರವಾಗುತ್ತದೆ. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಮಿಶ್ರಣದ ತುಂಡು ಸುಮಾರು 1.31 ಗ್ರಾಂ ಹಗುರವಾಗುತ್ತದೆ. ವ್ಯತ್ಯಾಸ ಅಲ್ಪವಾದರೂ ಅಕ್ಕಸಾಲಿಗರ ತಕ್ಕಡಿಗೆ ಅದು ಸಿಕ್ಕದೆ ಹೋಗದು. ಹರಾಜಿಗೆ ಮುನ್ನ ಈ ಪರೀಕ್ಷೆ ಅಸಾಧ್ಯವಾದುದರಿಂದ, ತೂಕವನ್ನೂ ವ್ಯಾಸವನ್ನೂ ಬರೆದು ತಿಳಿಸುವಂತೆಯೂ, ಅಂಚಿನ ಚಿತ್ರವನ್ನು ಕಳುಹಿಸುವಂತೆಯೂ ಮಾರುವವನನ್ನು ಕೇಳಬೇಕು. ಉತ್ತರ ಕೊಡದವನ ಸರಕಿಗೆ ಕೂಗದಿರುವುದೇ ಲೇಸು.

ಆದರೆ ತೂಕವೊಂದೇ ಎಲ್ಲ ಕಡೆಯೂ ಸಾಲದು. ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿಯ ರೂಪಾಯಿ ಅತ್ಯಂತ ವಿರಳ. 1938ರದು ಸುಲಭವಾಗಿ ದೊರೆಯುವಂಥದು. ಎರಡರ ತೂಕವೂ ಲೋಹವೂ ಒಂದೇ ಆಗಿರುವುದರಿಂದ, ಕೊನೆಯ ಅಂಕಿಯನ್ನು ತಿದ್ದಿದ ರೂಪಾಯಿಯು ತಕ್ಕಡಿಯ ಪರೀಕ್ಷೆಯಲ್ಲಿ ನಿರಾತಂಕವಾಗಿ ಉತ್ತೀರ್ಣವಾಗುತ್ತದೆ. ಇಲ್ಲಿ ಅಂಕಿಯ ಸುತ್ತಣ ಮೈಯನ್ನು ಹಿಗ್ಗಿಸಿ ನೋಡುವುದೊಂದೇ ದಾರಿ.

ಮೂರನೆಯ ಪರೀಕ್ಷೆ ಚರಿತ್ರೆಯದು. ನಮ್ಮ ವ್ಯಾಸಂಗಕ್ಕೆ ಸಂಬಂಧಪಟ್ಟುದೂ ಇದೇ. ರಾಮ, ಸೀತೆ, ಆಂಜನೇಯರ ಚಿತ್ರವೂ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818 ಎಂಬ ವರ್ಷವೂ ಇರುವ ‘ಅರ್ಧ ಆಣೆ’ಗಳು ಲಕ್ಷಗಟ್ಟಲೆ ಬೆಲೆಯ ಜಾಹಿರಾತಿನೊಡನೆ ಕಾಣಿಸಿಕೊಳ್ಳುತ್ತವೆ. ಕಂಪೆನಿಯು ದೇವತೆಗಳ ಚಿತ್ರವನ್ನು ಎಂದೂ ಅಚ್ಚು ಹಾಕಲಿಲ್ಲವೆಂದು ಇದನ್ನು ತಳ್ಳಿಹಾಕಿದರೆ ತಪ್ಪಾಗುತ್ತದೆ. ಮದರಾಸಿನ ವರಹಗಳಲ್ಲಿ ದೇವತಾಮೂರ್ತಿಗಳಿದ್ದುವು. ಆದರೆ ಆ ವರ್ಷದ ಇಂತಹ ಅರ್ಧ ಆಣೆಯು ಕಂಪೆನಿಯ ಯಾವ ಟಂಕಸಾಲೆಯ ನಾಣ್ಯಮಾಲೆಗೂ ಸೇರಿದುದಲ್ಲ. ಇವು ನಾಣ್ಯಗಳಲ್ಲ, ಈಚಿನವರ ಕಲ್ಪನೆಯ ಬಿಲ್ಲೆಗಳು.

ಕೊಡಗಿನ ಹೆಸರನ್ನು ಹೊತ್ತು ಬರುವ ಸರಕುಗಳಲ್ಲಿ ಮೋಸಕ್ಕಿಂತ ಹೆಚ್ಚಾಗಿ ಹೆಸರಿನ ಭ್ರಾಂತಿ ಉಂಟು. ‘ವೀರರಾಯ ಹಣ’ವೆಂಬ ಚಿಕ್ಕ ಚಿನ್ನದ ನಾಣ್ಯವನ್ನು, ಹೆಸರಿನ ಸಾಮ್ಯದಿಂದ, ನಮ್ಮ ವೀರರಾಜೇಂದ್ರ ಒಡೆಯರದೆಂದು ಮಾರುವುದುಂಟು. ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು ತೂಗುವ ಈ ಹಣವು ಮಲೆಯಾಳ ದೇಶದ್ದು; ವಿದ್ವಾಂಸರು ಇದನ್ನು ಕಲ್ಲಿಕೋಟೆಯ ಸಾಮೂದಿರಿ ಅರಸರಿಗೆ ಸೇರಿಸುತ್ತಾರೆ. 1800-01ರಲ್ಲಿ ಮಲಬಾರಿನಲ್ಲಿ ಸಂಚರಿಸಿದ ಬುಕಾನನನೂ ಅಲ್ಲಿನ ಚಲಾವಣೆಯಲ್ಲಿ ಇದನ್ನು ಹೆಸರಿಸಿದ್ದಾನೆ. ನಾಣ್ಯ ಸಾಚಾ ಇರಬಹುದು. ‘ಕೊಡಗಿನ ಅರಸರದು’ ಎಂಬ ಕಾರಣಕ್ಕೆ ಕೊಡುವ ಹೆಚ್ಚಿನ ಬೆಲೆ ಮಾತ್ರ ವ್ಯರ್ಥ.

ಜಫರಾಬಾದಿನ ವಿಷಯವೂ ಹೀಗೆಯೇ. ಟಿಪ್ಪು ಮಡಿಕೇರಿಯ ಕೋಟೆಗೆ ಈ ಹೆಸರನ್ನು ಇಟ್ಟಿದ್ದನು. ಆತನ ಕೆಲವು ನಾಣ್ಯಗಳ ಮೇಲೆಯೂ ಈ ಟಂಕಸಾಲೆಯ ಹೆಸರಿದೆ. ಇವೆರಡನ್ನೂ ಜೋಡಿಸಿ ಮಡಿಕೇರಿಯ ಟಂಕಸಾಲೆಯದೆಂದು ಮಾರುವವರಿಗೆ ಆಧಾರ ಸಾಲದು. ನಾಣ್ಯಗಳ ಜಫರಾಬಾದನ್ನು ವಿದ್ವಾಂಸರು ಆಂಧ್ರದ ಗುರ್ರಂಕೊಂಡವೆಂದು ಗುರುತಿಸುತ್ತಾರೆ. ಟಿಪ್ಪುವಿನ ನಾಣ್ಯಗಳಲ್ಲಿ ವರ್ಷವನ್ನು ಓದುವಾಗಲೂ ಎಚ್ಚರಿಕೆ ಬೇಕು: 1787ರಿಂದ ಆತನು ಮೌಲೂದಿ ಶಕವನ್ನು ಬಳಸಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನು ತಿಳಿಯದ ಮಾರಾಟಗಾರನ ವಿವರಣೆಯನ್ನು ನಂಬಲಾಗದು.

ನಾಣ್ಯವಲ್ಲದಿದ್ದರೂ ನಾಣ್ಯಗಳ ಜೊತೆಯಲ್ಲಿಯೇ ಹರಾಜಾಗುವ 1837ರ ಕೊಡಗು ಪದಕವು ವಿಶೇಷ ಗಮನಕ್ಕೆ ಅರ್ಹ. ಕಲ್ಯಾಣಪ್ಪನ ದಂಗೆಯನ್ನು ಅಡಗಿಸುವಲ್ಲಿ ಕಂಪೆನಿಯ ಪಕ್ಷ ವಹಿಸಿದವರಿಗೆ ಚಿನ್ನ ಮತ್ತು ಬೆಳ್ಳಿಗಳಲ್ಲಿ ಇದನ್ನು ಕೊಡಲಾಯಿತು. ಒಂದು ಮೈಯಲ್ಲಿ ಕತ್ತಿಯೆತ್ತಿ ನಿಂತ ಕೊಡವ ವೀರನೂ ಕನ್ನಡ ಲೇಖವೂ, ಇನ್ನೊಂದರಲ್ಲಿ ಆಯುಧಗಳೂ ಇಂಗ್ಲಿಷ್ ಲೇಖವೂ ಇವೆ. ಹಳೆಯ ಅಚ್ಚುಗಳಿಂದಲೇ ಅನಂತರದಲ್ಲಿ ಹೊಡೆದ ಪ್ರತಿಗಳೂ ಇರುವುದರಿಂದ, ಅವು ಖೋಟಾ ಅಲ್ಲದಿದ್ದರೂ ಮೂಲ ಪದಕದ ಬೆಲೆಗೆ ಯೋಗ್ಯವಲ್ಲ. ಇದು ಯಾರಿಗೆ ಸಂದುದು, ಯಾವ ಮನೆಯಿಂದ ಬಂದುದು ಎಂಬ ಪರಂಪರೆಯೇ ಇಲ್ಲಿ ಮುಖ್ಯ ಪ್ರಮಾಣ.

ಸಾಚಾತನ ಸಿದ್ಧವಾದ ಮೇಲೆಯೂ ಬೆಲೆಯ ಪ್ರಶ್ನೆ ಉಳಿಯುತ್ತದೆ. ಮಾರುವವನು ಕೇಳುವ ಬೆಲೆ ಪ್ರಮಾಣವಲ್ಲ. ಅದೇ ಬಗೆಯ, ಅದೇ ಸ್ಥಿತಿಯ ನಾಣ್ಯಗಳು ಹಿಂದಿನ ಹರಾಜುಗಳಲ್ಲಿ ಮಾರಾಟವಾದ ಬೆಲೆಯೇ ಪ್ರಮಾಣ. ಕೂಗಿದ ಮೊತ್ತಕ್ಕೆ ಹರಾಜು ಸಂಸ್ಥೆಯ ಕಮಿಷನ್, ತೆರಿಗೆ, ಅಂಚೆವೆಚ್ಚಗಳನ್ನು ಕೂಡಿಸಿ ನೋಡಿದರೆ ಎಷ್ಟೋ ‘ಅಗ್ಗ’ಗಳು ಮಾಯವಾಗುತ್ತವೆ. ತೊಳೆದು ಉಜ್ಜಿದ ನಾಣ್ಯಕ್ಕೂ, ಆಭರಣದಿಂದ ಬಿಡಿಸಿದ ನಾಣ್ಯಕ್ಕೂ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ. ಪತ್ತಾಕಿನಿಂದ ಕಿತ್ತ ಸವರನ್ನಿನ ಅಂಚಿನಲ್ಲಿ ಬೆಸುಗೆಯ ಕಲೆ ಉಳಿದಿರುತ್ತದೆ. ಅದು ಚಿನ್ನದ ಬೆಲೆಗಿಂತ ಹೆಚ್ಚನ್ನು ತರುವುದು ಅಪರೂಪ. ಪತ್ತಾಕಾಗಿಯೇ ಉಳಿದರೆ ಮನೆತನಕ್ಕೆ ಅದರ ಬೆಲೆ ಬೇರೆ. ಮಾರಬೇಕೆಂದು ನಮ್ಮ ಸಲಹೆ ಕೇಳಿದ ಒಂದು ಕುಟುಂಬಕ್ಕೆ ಇದನ್ನು ತಿಳಿಸಿದಾಗ ಅವರು ಮಾರುವ ಯೋಚನೆಯನ್ನು ಕೈಬಿಟ್ಟರು.

ಕಾನೂನಿನ ಎರಡು ಮಾತು. 1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯವು ಪುರಾತನ ವಸ್ತು. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹಳೆಯ ನಾಣ್ಯಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಸಾರ್ವಜನಿಕರನ್ನು ಎಚ್ಚರಿಸಿದೆ. ಮುಂಗಡವಾಗಿ ‘ತೆರಿಗೆ’ ಕೇಳುವವನು ನಾಣ್ಯವನ್ನು ಕೊಳ್ಳಲು ಬಂದವನಲ್ಲ.

ನಾಣ್ಯವು ಚರಿತ್ರೆಯ ಆಕರ. ಎಲ್ಲಿ, ಯಾರ ಮನೆಯಲ್ಲಿ, ಯಾವುದರ ಜೊತೆ ದೊರೆಯಿತೆಂಬುದು ತಿಳಿದಿದ್ದರೆ ಮಾತ್ರ ಅದು ಪೂರ್ತಿಯಾಗಿ ಮಾತನಾಡುತ್ತದೆ. ಹರಾಜಿಗೆ ಹೋದ ಮರುದಿನವೇ ಈ ಮಾಹಿತಿ ಕಳೆದುಹೋಗುತ್ತದೆ. ಖೋಟಾ ನಾಣ್ಯದಿಂದ ಒಬ್ಬನ ಹಣ ಹೋದರೆ, ಮೂಲ ತಿಳಿಯದ ಸಾಚಾ ನಾಣ್ಯದಿಂದ ನಾಡಿನ ಚರಿತ್ರೆಯ ಒಂದು ಸಾಲೇ ಅಳಿಸಿಹೋಗುತ್ತದೆ. ಆದುದರಿಂದ ಮನೆಗಳಲ್ಲಿ ನಾಣ್ಯಗಳುಳ್ಳವರು, ಮಾರುವ ಉದ್ದೇಶವಿರಲಿ ಇಲ್ಲದಿರಲಿ, ಅವನ್ನು ತೊಳೆಯದೆ ನಮ್ಮ ವಿಭಾಗಕ್ಕೆ ತಂದು ತೋರಿಸಬೇಕೆಂದು ಪ್ರಾರ್ಥಿಸುತ್ತೇವೆ. ತೂಕ, ಅಳತೆ, ಲೇಖ ಮತ್ತು ಮನೆಯವರು ಹೇಳುವ ವೃತ್ತಾಂತ ಇಷ್ಟನ್ನು ಬರೆದುಕೊಂಡು, ಅವರೆದುರಿನಲ್ಲಿಯೇ ನಾಣ್ಯವನ್ನು ಹಿಂದಿರುಗಿಸುತ್ತೇವೆ.