ಒಂದು ಚೌಕ, ಒಂದು ಕೊಕ್ಕರೆ

ಜಪಾನಿ ಭಾಷೆಯಲ್ಲಿ ಒರಿ ಅಂದ್ರೆ ಮಡಿಸೋದು, ಕಾಮಿ ಅಂದ್ರೆ ಕಾಗದ. ಎರಡೂ ಸೇರಿ ಒರಿಗಾಮಿ. ನಮ್ಮ ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೇ!

ಕಲಿಯೋಕೆ ನಾನಂತೂ ಕೊಕ್ಕರೆಯನ್ನೇ ಹೇಳ್ತೀನಿ. 1797ರಲ್ಲೇ ಕ್ಯೋಟೋದಲ್ಲಿ ಬರೀ ಕೊಕ್ಕರೆ ಮಡಿಸೋದರ ಮೇಲೆ ಒಂದು ಪುಸ್ತಕ ಅಚ್ಚಾಗಿತ್ತು.

15 ಸೆಂಟಿಮೀಟರಿನ ತೆಳು ಚೌಕ ಸಾಕು. ಬಣ್ಣದ ಬದಿ ಮೇಲಿಟ್ಟು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿ, ಬಿಚ್ಚಿ. ತಿರುಗಿಸಿ, ಅಂಚಿಗೆ ಅಂಚು ಸೇರಿಸಿ ಮತ್ತೆರಡು ಸಲ. ಇಲ್ಲಿ ಅವಸರ ಬೇಡ. ಮೊದಲು ಮೂಲೆಗಳು ಕೂಡಲಿ, ಆಮೇಲೆ ಉಗುರಿನಿಂದ ಗೆರೆ ತೀಡಿ. ಈಗ ಕೂದಲೆಳೆಯಷ್ಟು ತಪ್ಪಿದ್ರೂ ಕೊನೆಗೆ ಕೊಕ್ಕು ಸೊಟ್ಟ ಆಗುತ್ತೆ.

ಈಗಿನ ಒರಿಗಾಮಿ ಪುಸ್ತಕಗಳಲ್ಲಿ ತುಂಡು ಗೆರೆ ಕಂಡ್ರೆ ಮಡಿಕೆ ನಿಮ್ಮ ಕಡೆಗೆ, ಅದು ಕಣಿವೆ. ಗೆರೆ ಜೊತೆ ಚುಕ್ಕಿ ಇದ್ರೆ ಹಿಂದಕ್ಕೆ, ಅದು ಬೆಟ್ಟ. ಈ ಗುರುತುಗಳನ್ನು ರೂಪಿಸಿದವರು ಅಕಿರಾ ಯೋಶಿಝಾವಾ. ಅವರಿಂದಾಗಿ ಜಪಾನಿ ಒಂದಕ್ಷರ ಬಾರದವರೂ ಜಪಾನಿ ಪುಸ್ತಕ ನೋಡಿ ಮಡಿಸಬಹುದು.

ಮಡಿಸಿದ ಗೆರೆಗಳ ಮೇಲೇ ಕಾಗದವನ್ನು ಪುಟ್ಟ ಚೌಕವಾಗಿ ಕೂರಿಸಿದ ಮೇಲೆ, ಎಲ್ಲರೂ ತಡವರಿಸೋದು ದಳದ ಮಡಿಕೆಯಲ್ಲಿ. ಒಂದೇ ಪದರ ಹಿಡಿದು ಮೇಲೆತ್ತಬೇಕು, ಆಗ ಎರಡು ಪಕ್ಕಗಳೂ ಒಳಗೆ ಬರಬೇಕು. ಕಾಗದ ಹರಿಯುತ್ತೆ ಅನ್ನೋ ಭಯ ಬೇಡ. ಹಳೇ ಗೆರೆಗಳ ಮೇಲೇ ಬೆರಳಾಡಿಸಿ, ಅದೇ ದಾರಿ ಬಿಡುತ್ತೆ. ಇಷ್ಟು ಕೈಗೆ ಹತ್ತಿದ್ರೆ ಕಪ್ಪೆಗೂ ಐರಿಸ್ ಹೂವಿಗೂ ಇದೇ ಪಟ್ಟು ನೆರವಾಗುತ್ತೆ.

ಕತ್ತು, ಬಾಲ ಎತ್ತಿ. ಕೊಕ್ಕು ಬಗ್ಗಿಸಿ. ಈಗ ರೆಕ್ಕೆ ಎರಡನ್ನೂ ಮೆಲ್ಲಗೆ ಅಗಲಿಸಿ.

ನೋಡಿ, ಬೆನ್ನು ಉಬ್ಬಿತು.